ಏನೂ ಆಗದಂತೆ ನೋಡಿಕೊಂಡದ್ದು ಸಾಧನೆಯಲ್ಲವೇ?

ಪ್ರಶ್ನೆ: ನನಗೆ 66 ವರ್ಷ, ಸಾಗರ ತಾಲ್ಲೂಕಿನವನು. 1983ರಲ್ಲಿ ಕೆಇಬಿಗೆ ಮಜ್ದೂರನಾಗಿ ಸೇರಿ, ಲೈನ್‌ಮನ್ ಆಗಿ, 2019ರಲ್ಲಿ ಮೆಸ್ಕಾಂನಿಂದ ನಿವೃತ್ತನಾದೆ. ಕಳೆದ ತಿಂಗಳು ಎಂಟನೇ ಕ್ಲಾಸಿನ ಮೊಮ್ಮಗಳು ನೋಟ್‌ಬುಕ್ ಹಿಡಿದು ಬಂದು ಕೂತಳು. ಮನೆಯ ಹಿರಿಯರೊಬ್ಬರನ್ನು ಸಂದರ್ಶನ ಮಾಡಿ ಬರೆಯಿರಿ ಅಂತ ಶಾಲೆಯಲ್ಲಿ ಹೇಳಿದ್ದರಂತೆ. ಊರು, ಓದು, ಮದುವೆ ಎಲ್ಲ ಕೇಳಿದ ಮೇಲೆ ‘ಅಜ್ಜಾ, ನಿಂಗೆ ತುಂಬ ಹೆಮ್ಮೆ ಅನ್ಸೋ ಸಾಧನೆ ಯಾವ್ದು?’ ಅಂದಳು. ನನಗೆ ಬಾಯಿ ಕಟ್ಟಿತು. ‘ನಿನ್ನ ಅಮ್ಮನನ್ನು ಎಂಜಿನಿಯರ್ ಮಾಡಿದೆ’ ಅಂದೆ. ‘ಅದು ಅಮ್ಮನ ಸಾಧನೆ ಅಲ್ವಾ?’ ಅಂದಳು. ಒಳಗಿನಿಂದ ನನ್ನ ಹೆಂಡತಿ ‘ನಿಮ್ಮಜ್ಜಂದು ಏನಿದೆ, ಕಂಬ ಹತ್ತಿದ್ದೇ ಬಂತು’ ಅಂತ ನಕ್ಕಳು. ತಮಾಷೆಗೇ ಅಂದದ್ದು. ಆದರೂ ಆವತ್ತಿನಿಂದ ರಾತ್ರಿ ಎರಡು, ಮೂರು ಗಂಟೆಗೆ ಎಚ್ಚರವಾಗಿ ಇದೇ ಯೋಚನೆ. ನನಗೆ ಒಂದು ಮೆಡಲ್ ಇಲ್ಲ, ಪೇಪರಿನಲ್ಲಿ ಫೋಟೋ ಬಂದಿಲ್ಲ. ಸರ್ವಿಸ್‌ನಲ್ಲಿ ನನ್ನ ಗ್ಯಾಂಗಿನಲ್ಲಿ ಒಂದೂ ಆಕ್ಸಿಡೆಂಟ್ ಆಗಲಿಲ್ಲ, ಅಷ್ಟು ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಒಮ್ಮೆ ಮಾತ್ರ, ಗಾಳಿಮಳೆಗೆ ಮರ ಬಿದ್ದು ಲೈನ್ ಹೋದಾಗ, ಮದುವೆ ಮನೆಯವರು ಬಂದು ಕೊರಳಪಟ್ಟಿ ಹಿಡಿದರೂ, ನಮ್ಮ ಹುಡುಗ ಕಂಬದಿಂದ ಇಳಿದು ನನ್ನ ಮುಂದೆ ನಿಲ್ಲುವವರೆಗೆ ನಾನು ಎಲ್‌ಸಿ (ಲೈನ್ ಆಫ್ ಮಾಡಿಸಿ ಕೆಲಸ ಮಾಡಲು ತಗೊಂಡ ಅನುಮತಿ) ವಾಪಸ್ ಕೊಡಲಿಲ್ಲ. ಅದೇನು ದೊಡ್ಡದಲ್ಲ ಬಿಡಿ. ಈ ವಯಸ್ಸಿನಲ್ಲಿ ಹಿಂದಿನದನ್ನು ಕೆದಕಿ ‘ನಾನೇನು ಮಾಡಿದೆ’ ಅಂತ ಹುಡುಕುವುದು ಅಹಂಕಾರವೋ, ಅರಳುಮರುಳೋ? ಮೊಮ್ಮಗಳಿಗೆ ಏನು ಹೇಳಲಿ?

ಉತ್ತರ: ಆ ಪ್ರಶ್ನೆಗೆ ಬಾಯಿ ಕಟ್ಟುವುದು ನಿಮ್ಮೊಬ್ಬರಿಗೇ ಅಲ್ಲ. ಹಿರಿಯರ ಜೊತೆ ಕೂತು ಮಾತಾಡುವುದೇ ನನ್ನ ಕೆಲಸ. ಇದಕ್ಕೆ ತಟ್ಟನೆ ಉತ್ತರ ಕೊಡುವವರು ತೀರಾ ಕಡಿಮೆ, ಕೊಡುವವರು ಹೆಚ್ಚಾಗಿ ಸನ್ಮಾನ ಸಮಾರಂಭಗಳಲ್ಲಿ ಹೇಳಿ ಹೇಳಿ ಬಾಯಿಪಾಠ ಆದವರು. ಉಳಿದವರೆಲ್ಲ ನಿಮ್ಮ ಹಾಗೆಯೇ ಮೊದಲು ಮಕ್ಕಳ ಕಡೆಗೆ ಕೈ ತೋರಿಸುತ್ತಾರೆ, ಆಮೇಲೆ ‘ನಮ್ದೇನಿದೆ’ ಅನ್ನುತ್ತಾರೆ.

ಇದರಲ್ಲಿ ವಿನಯದ ಪಾಲು ಸ್ವಲ್ಪ, ನೆನಪಿನ ಪಾಲು ಹೆಚ್ಚು. ಮೊದಲ ಸಲ ಆದದ್ದು, ಒಂದೇ ಸಲ ಆದದ್ದು, ಗದ್ದಲದಲ್ಲಿ ಆದದ್ದು ನಮ್ಮ ತಲೆಯಲ್ಲಿ ಬಿಡಿಬಿಡಿಯಾಗಿ ಉಳಿಯುತ್ತವೆ. ದಿನಾ ಮಾಡಿದ್ದು ಹಾಗಲ್ಲ. ಒಂದು ದಿನ ಇನ್ನೊಂದು ದಿನದೊಳಗೆ ಕರಗಿ, ಕೊನೆಗೆ ‘ಬೆಳಿಗ್ಗೆ ಹೋಗ್ತಿದ್ವಿ, ಸಂಜೆ ಬರ್ತಿದ್ವಿ’ ಅನ್ನುವ ಒಂದೇ ಸಾಲು ಉಳಿಯುತ್ತದೆ. ಇನ್ನೊಂದು ವಿಚಿತ್ರವೂ ಇದೆ. ನಡುವಯಸ್ಸು ದಾಟಿದವರನ್ನು ಅವರ ಜೀವನದ ನೆನಪು ಹೇಳಿ ಎಂದರೆ, ಹತ್ತರಿಂದ ಮೂವತ್ತರವರೆಗಿನ ವಯಸ್ಸಿನವೇ ಹೆಚ್ಚಾಗಿ ಬರುತ್ತವೆ. ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ ಇದು. ನೀವು ಕೆಲಸಕ್ಕೆ ಸೇರಿದ್ದೇ 24ಕ್ಕೆ. ನಿಮ್ಮ ಕೈ ಪಳಗಿ, ನಾಲ್ಕು ಜನರ ಜೀವದ ಜವಾಬ್ದಾರಿ ನಿಮ್ಮ ಮೇಲೆ ಬಂದ ವರ್ಷಗಳೆಲ್ಲ ಅದರ ಆಚೆಗಿವೆ. ಹೀಗಾಗಿ ಶಾಲೆಯಲ್ಲಿ ಕಬಡ್ಡಿ ಗೆದ್ದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿರುತ್ತದೆ, ನಲವತ್ತೈದರಲ್ಲಿ ಮಾಡಿದ ಜವಾಬ್ದಾರಿಯ ಕೆಲಸ ಮಸುಕಾಗಿರುತ್ತದೆ.

ನಿಮ್ಮ ವಿಷಯದಲ್ಲಿ ತೊಡಕು ಇನ್ನೂ ಒಂದಿದೆ. ನಿಮ್ಮ ಕೆಲಸ ಚೆನ್ನಾಗಿ ಆದಾಗ ಸಿಗುವ ಫಲವೇ ‘ಏನೂ ಆಗಲಿಲ್ಲ’ ಎಂಬುದು. ಸಾರಿಗೆ ಹದವಾಗಿ ಬಿದ್ದ ಉಪ್ಪಿನ ಬಗ್ಗೆ ಊಟದ ಪಂಕ್ತಿಯಲ್ಲಿ ಯಾರೂ ಮಾತೆತ್ತುವುದಿಲ್ಲ. ಆಗದೇ ಹೋದ ಅನಾಹುತಕ್ಕೆ ತಾರೀಕಿಲ್ಲ, ಸಾಕ್ಷಿಯಿಲ್ಲ. ಅದರಿಂದ ಬದುಕಿದವನಿಗೂ ತಾನು ಬದುಕಿದ್ದು ಗೊತ್ತಿರುವುದಿಲ್ಲ. ನರ್ಸ್‌ಗಳು, ಬಸ್ ಡ್ರೈವರ್‌ಗಳು, ರೈಲ್ವೆ ಗೇಟ್ ಕಾಯುವವರು ನನ್ನ ಮುಂದೆ ಕೂತು ‘ನಾನೇನೂ ಮಾಡಿಲ್ಲ’ ಎಂದಾಗ ನನಗೆ ಆಶ್ಚರ್ಯವಾಗುವುದಿಲ್ಲ.

ಈಗ ಆ ಮದುವೆ ಮನೆಯ ಗಲಾಟೆಗೆ ಬರುತ್ತೇನೆ. ಪತ್ರದ ಕೊನೆಯಲ್ಲಿ, ‘ಅದೇನು ದೊಡ್ಡದಲ್ಲ ಬಿಡಿ’ ಅಂತ ಒಂದೇ ವಾಕ್ಯದಲ್ಲಿ ತಳ್ಳಿಬಿಟ್ಟಿದ್ದೀರಿ. ನಾನು ಮನಸ್ಸಿನ ಕೆಲಸದವಳು, ಕಂಬದ ಕೆಲಸ ನನಗೆ ಗೊತ್ತಿಲ್ಲ. ನನ್ನ ಬಳಿ ಬಂದ ನಿಮ್ಮಂಥವರಿಂದಲೇ ಅಷ್ಟಿಷ್ಟು ಕಲಿತದ್ದನ್ನು ಇತರ ಓದುಗರಿಗಾಗಿ ಹೇಳುತ್ತೇನೆ, ತಪ್ಪಿದ್ದರೆ ನೀವು ತಿದ್ದಿ. 11 ಕೆವಿ, ಅಂದರೆ ಹನ್ನೊಂದು ಸಾವಿರ ವೋಲ್ಟಿನ, ತಂತಿಯ ಮೇಲೆ ಕೆಲಸ ಮಾಡಬೇಕಾದರೆ ಮೊದಲು ಸಬ್‌ಸ್ಟೇಷನ್‌ನಿಂದ ಲೈನ್ ಕ್ಲಿಯರ್, ಅಂದರೆ ಎಲ್‌ಸಿ, ತಗೊಳ್ಳಬೇಕು. ಅಲ್ಲಿ ಫೀಡರ್ ಆಫ್ ಮಾಡಿ, ಯಾರಿಗೆ, ಎಷ್ಟು ಹೊತ್ತಿಗೆ ಕೊಟ್ಟದ್ದು ಎಂದು ಬರೆದುಕೊಳ್ಳುತ್ತಾರೆ. ಇಲ್ಲಿ ಹತ್ತಿರದ ಸ್ವಿಚ್ ಬಿಡಿಸಿ, ತಂತಿಗೆ ಡಿಸ್ಚಾರ್ಜ್ ರಾಡ್ ಕೊಟ್ಟು ಅರ್ತ್ ಮಾಡಿ, ಆಮೇಲೆ ಹುಡುಗ ಹತ್ತುತ್ತಾನೆ. ಎಲ್‌ಸಿ ತಗೊಂಡವನೇ ‘ನನ್ನ ಜನ ಎಲ್ಲ ಇಳಿದಿದ್ದಾರೆ, ಲೈನ್ ವಾಪಸ್ ತಗೊಳ್ಳಿ’ ಅನ್ನುವವರೆಗೆ ಯಾರೂ ಆ ಲೈನ್ ಚಾರ್ಜ್ ಮಾಡುವಂತಿಲ್ಲ. ಇಷ್ಟೆಲ್ಲ ಮಾಡಿದರೂ ಮದುವೆ ಮನೆ ಇದ್ದಲ್ಲಿ ಇನ್ನೊಂದು ಭಯ. ಅವರ ಜನರೇಟರಿಗೆ ಸರಿಯಾದ ಚೇಂಜ್‌ಓವರ್ ಸ್ವಿಚ್ ಇಲ್ಲದಿದ್ದರೆ, ಅದರ ಕರೆಂಟು ಸರ್ವಿಸ್ ವೈರ್ ಹಿಡಿದು ಟಿಸಿಗೆ (ಟ್ರಾನ್ಸ್‌ಫಾರ್ಮರಿಗೆ) ಬಂದು, ಅಲ್ಲಿಂದ ಸಾವಿರಾರು ವೋಲ್ಟಾಗಿ ಏರಿ ತಂತಿಗೆ ನುಗ್ಗುತ್ತದೆ. ಸತ್ತ ಲೈನ್ ಎಂದು ಮುಟ್ಟಿದವನಿಗೆ ಎರಡನೇ ಅವಕಾಶ ಇರುವುದಿಲ್ಲ.

ಇಷ್ಟು ಗೊತ್ತಿದ್ದವರಿಗೆ ಆ ಸಂಜೆ ಕಾಣುತ್ತದೆ. ಮಳೆ ನಿಂತಿಲ್ಲ, ಕತ್ತಲಾಗುತ್ತಿದೆ, ಛತ್ರದಲ್ಲಿ ನೂರಾರು ಜನ, ಅಡುಗೆ ಅರ್ಧಕ್ಕೆ ನಿಂತಿದೆ. ನಿಮ್ಮ ಕೊರಳಪಟ್ಟಿ ಯಾರದೋ ಕೈಯಲ್ಲಿದೆ. ಊರಿನ ದೊಡ್ಡವರು ನಾಳೆಯೂ ಅದೇ ಊರಿನಲ್ಲಿ ಇರುತ್ತಾರೆ, ನೀವೂ ಅಲ್ಲೇ ಕೆಲಸ ಮಾಡಬೇಕು. ‘ಆಯ್ತು, ಕೊಡ್ತೀನಿ’ ಅಂದುಬಿಟ್ಟು, ಮೇಲಿದ್ದವನಿಗೆ ‘ಬೇಗ ಇಳಿಯೋ’ ಅಂತ ಕೂಗುವುದು ಸುಲಭವಿತ್ತು. ಬಹುಶಃ ಅವನು ಅಷ್ಟರಲ್ಲಿ ಇಳಿದೂ ಇರುತ್ತಿದ್ದ. ಆ ‘ಬಹುಶಃ’ದ ಮೇಲೆ ನೀವು ಇನ್ನೊಬ್ಬರ ಮಗನನ್ನು ಬಿಡಲಿಲ್ಲ. ಅವನು ಇಳಿದರೂ ಸಾಲದು, ನಿಮ್ಮ ಕಣ್ಣ ಮುಂದೆ ನಿಲ್ಲಬೇಕು ಎಂದಿರಿ. ನನ್ನನ್ನು ಕೇಳಿದರೆ ನಿಮ್ಮ ಮೊಮ್ಮಗಳ ನೋಟ್‌ಬುಕ್ಕಿಗೆ ಬೇಕಾದ ಸಾಧನೆ ಅಲ್ಲೇ ಇದೆ.

ಆದರೆ ಇಲ್ಲಿ ಒಂದು ವಿಷಯ ಬಿಡಿಸಿ ನೋಡಬೇಕು. ‘ಒಂದೂ ಆಕ್ಸಿಡೆಂಟ್ ಆಗಲಿಲ್ಲ’ ಎಂದು ಬರೆದಿದ್ದೀರಲ್ಲ, ಅದರಲ್ಲಿ ನಿಮ್ಮ ಎಚ್ಚರದ ಜೊತೆಗೆ ಅದೃಷ್ಟವೂ ಸೇರಿದೆ. ಎಲ್ಲ ನಿಯಮ ಪಾಲಿಸಿದವರ ಗ್ಯಾಂಗಿನಲ್ಲೂ ಕಂಬ ಮುರಿದದ್ದಿದೆ, ಸಿಡಿಲು ಬಡಿದದ್ದಿದೆ. ಫಲಿತಾಂಶದ ಮೇಲೆ ಹೆಮ್ಮೆ ಕಟ್ಟಿದರೆ, ಅದೃಷ್ಟ ಕೈಕೊಟ್ಟ ಸಹೋದ್ಯೋಗಿಯನ್ನು ನಮಗೇ ಗೊತ್ತಿಲ್ಲದೆ ಕೆಳಗೆ ಇಟ್ಟಂತಾಗುತ್ತದೆ. ಹುಡುಗ ಇಳಿದು ಕಣ್ಣ ಮುಂದೆ ನಿಲ್ಲುವವರೆಗೆ ಎಲ್‌ಸಿ ಬಿಟ್ಟುಕೊಡಲಿಲ್ಲ ಎಂಬುದಾದರೆ ಪೂರ್ತಿ ನಿಮ್ಮದು. ಅದಕ್ಕೆ ಅದೃಷ್ಟದ ಹಂಗಿಲ್ಲ.

ಮೊಮ್ಮಗಳು ಹಿಡಿದದ್ದೂ ಇದನ್ನೇ. ಮಕ್ಕಳು ಇಂಥ ಕಡೆ ಬಹಳ ಚುರುಕು. ಎಂಜಿನಿಯರ್ ಆದದ್ದು ನಿಮ್ಮ ಮಗಳು, ರಾತ್ರಿ ಕೂತು ಓದಿದ್ದು ಅವಳು. ಅದನ್ನು ಅವಳಿಗೇ ಬಿಡಿ. ಹಾಗಂತ ಅದರಲ್ಲಿ ನಿಮ್ಮದು ಏನೂ ಇಲ್ಲವೇ? ಇದೆ, ಆದರೆ ಬೇರೆ ಜಾಗದಲ್ಲಿದೆ. ಪಿಯುಸಿ ಮುಗಿದಾಗ ‘ಹೆಣ್ಣು ಹುಡುಗಿ, ಒಳ್ಳೇ ಸಂಬಂಧ ಬಂದಿದೆ, ಮುಗಿಸಿಬಿಡು’ ಅಂದವರು ಇದ್ದರೇ? ಅವರಿಗೆ ನೀವು ಏನು ಉತ್ತರ ಕೊಟ್ಟಿರಿ? ಹಾಸ್ಟೆಲ್ ಫೀಸಿಗೆ ಪಿಎಫ್ ಮುಟ್ಟಿದಿರಾ, ತೋಟದ ಫಸಲು ಮೊದಲೇ ಮಾತಾಡಿ ಮುಂಗಡ ತಂದಿರಾ? ಅವಳನ್ನು ಮೊದಲ ಸಲ ಬಸ್ಸಿಗೆ ಹತ್ತಿಸಿ ಬಂದ ದಿನ ಮನೆಯಲ್ಲಿ ಏನಾಯಿತು? ಇವು ನೀವು ಮಾಡಿದ್ದು. ಇವನ್ನು ಹೇಳಿದರೆ ಹುಡುಗಿ ‘ಅದು ಅಮ್ಮನದು’ ಅನ್ನಲಾರಳು.

ಅಹಂಕಾರವೇ ಎಂದು ಕೇಳಿದ್ದೀರಿ. 2007ರಲ್ಲಿ ಜೆಸಿಕಾ ಟ್ರೇಸಿ ಮತ್ತು ರಿಚರ್ಡ್ ರಾಬಿನ್ಸ್ ಎಂಬ ಮನಶ್ಶಾಸ್ತ್ರಜ್ಞರು ಹೆಮ್ಮೆಯ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯಿತು. ಹೆಮ್ಮೆ ಒಂದಲ್ಲ, ಎರಡು ಬಗೆ ಎಂದರು. ಒಂದು, ಕಷ್ಟಪಟ್ಟು ಮಾಡಿದ ನಿರ್ದಿಷ್ಟ ಕೆಲಸದಿಂದ ಬರುವ ತೃಪ್ತಿ. ಇನ್ನೊಂದು, ‘ನಾನೇ ಹೀಗೆ, ನನ್ನಂಥವರು ಬೇರೆ ಇಲ್ಲ’ ಎಂಬ ಮೆರೆತ. ಮೊದಲನೆಯದು ಇದ್ದವರಲ್ಲಿ ಆತ್ಮಗೌರವ, ಜನರ ಜೊತೆ ಹೊಂದಿಕೊಳ್ಳುವ ಗುಣ ಹೆಚ್ಚು. ಎರಡನೆಯದು ಇದ್ದವರ ಲಕ್ಷಣ ನಿಮ್ಮ ಊರಿನಲ್ಲೂ ನಾಲ್ಕು ಜನರಲ್ಲಿ ನೋಡಿರುತ್ತೀರಿ, ನಾನು ವಿವರಿಸಬೇಕಿಲ್ಲ. ‘ತನ್ನ ಬಣ್ಣಿಸಬೇಡ’ ಎಂಬ ಬಸವಣ್ಣನವರ ಮಾತು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ, ಮತ್ತು ಅದನ್ನು ಕೇಳಿ ಬೆಳೆದವರಿಗೆ ತಮ್ಮ ಬಗ್ಗೆ ಒಂದು ಒಳ್ಳೆಯ ಮಾತಾಡಲೂ ನಾಲಿಗೆ ತೊಡರುತ್ತದೆ. ಆದರೆ ಅದರ ಮಗ್ಗುಲಲ್ಲೇ ‘ಇದಿರ ಹಳಿಯಲು ಬೇಡ’ ಎಂದೂ ಇದೆಯಲ್ಲ? ನಡೆದದ್ದನ್ನು ನಡೆದ ಹಾಗೆ, ಯಾರನ್ನೂ ಇಳಿಸದೆ ಮೊಮ್ಮಗಳಿಗೆ ಹೇಳಿದರೆ ಬಣ್ಣನೆ ಎಲ್ಲಿಂದ ಬಂತು? ಮದುವೆ ಮನೆಯವರನ್ನು ಕೂಡ ಖಳನಾಯಕರನ್ನಾಗಿ ಮಾಡಬೇಡಿ. ಮಗಳ ಮದುವೆಯ ದಿನ ಕತ್ತಲಲ್ಲಿ ನಿಂತ ಅಪ್ಪನ ಸಂಕಟವನ್ನೂ ಹೇಳಿ, ಕಥೆ ಇನ್ನೂ ನಿಜವಾಗುತ್ತದೆ.

ಅರಳುಮರುಳಂತೂ ಅಲ್ಲ. ಒಂದು ಕಾಲದಲ್ಲಿ ವೈದ್ಯರೂ ಹಾಗೇ ತಿಳಿದಿದ್ದರು. ಮುದುಕರು ಹಿಂದಿನದನ್ನೇ ಮಾತಾಡುತ್ತಾ ಕೂತರೆ ಬುದ್ಧಿ ಮಂದವಾಗುತ್ತಿದೆ ಎಂದುಕೊಳ್ಳುತ್ತಿದ್ದರು. 1963ರಲ್ಲಿ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ ಇದನ್ನು ತಿರುಗಿಸಿ ಹೇಳಿದರು: ವಯಸ್ಸಾದಾಗ ಬದುಕನ್ನು ಮತ್ತೆ ತೆಗೆದು ನೋಡುವುದು ಸಹಜ, ಎಲ್ಲರಲ್ಲೂ ಆಗುವಂಥದ್ದು, ಚೆನ್ನಾಗಿ ಆದರೆ ಅದರಿಂದ ಮನಸ್ಸು ಹಗುರಾಗುತ್ತದೆ. ಕೆಲವರಿಗೆ ಅದರಲ್ಲೇ ಪಶ್ಚಾತ್ತಾಪ, ಖಿನ್ನತೆ ಹುಟ್ಟಬಹುದು ಎಂಬ ಎಚ್ಚರಿಕೆಯನ್ನೂ ಅವರೇ ಕೊಟ್ಟಿದ್ದರು.

ಮೊಮ್ಮಗಳ ಪ್ರಶ್ನೆಯಂಥದ್ದನ್ನೇ ಕೆನಡಾದ ಮನೋವೈದ್ಯ ಹಾರ್ವೇ ಚೊಚಿನೊವ್ ಸಾವಿನ ಹತ್ತಿರ ಇರುವ ರೋಗಿಗಳನ್ನು ಕೇಳುತ್ತಾರೆ. ನಿಮ್ಮ ಮುಖ್ಯ ಸಾಧನೆಗಳೇನು, ಯಾವುದರ ಬಗ್ಗೆ ಹೆಮ್ಮೆ, ಮನೆಯವರು ಏನನ್ನು ನೆನಪಿಡಬೇಕು ಎಂದೆಲ್ಲ ಕೇಳಿ, ರೆಕಾರ್ಡ್ ಮಾಡಿ, ಬರೆದು, ಅವರಿಗೇ ಓದಿ ತೋರಿಸಿ, ತಿದ್ದಿಸಿ, ಆ ಹಾಳೆಗಳನ್ನು ಅವರ ಕೈಗೇ ಕೊಡುತ್ತಾರೆ. ಮನೆಯವರಿಗೆ ಕೊಡುವುದು ರೋಗಿಯ ಇಷ್ಟ. 2005ರ ಮೊದಲ ಅಧ್ಯಯನದಲ್ಲಿ ಕೆನಡಾ ಮತ್ತು ಆಸ್ಟ್ರೇಲಿಯಾದ 100 ರೋಗಿಗಳಿದ್ದರು. ಅವರಲ್ಲಿ 91 ಮಂದಿ ತೃಪ್ತಿಯಾಯಿತು ಎಂದರು, 76 ಮಂದಿ ತಮ್ಮ ಘನತೆ ಹೆಚ್ಚಿದಂತೆ ಅನ್ನಿಸಿತು ಎಂದರು. ಇದನ್ನು ಮಾಯಾಮಂತ್ರ ಎಂದು ಮಾರುವವರೂ ಇದ್ದಾರೆ, ಅದಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. 2011ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ಇದರಿಂದ ಮನಸ್ಸಿನ ಸಂಕಟ ಉಳಿದ ಆರೈಕೆಗಿಂತ ಹೆಚ್ಚು ಇಳಿಯಿತು ಎಂದು ಸಾಬೀತಾಗಲಿಲ್ಲ. ಆದರೂ ಉಪಯೋಗವಾಯಿತು, ಮನೆಯವರು ನಮ್ಮನ್ನು ನೋಡುವ ರೀತಿ ಬದಲಾಯಿತು ಎಂದವರು ಅದರಲ್ಲಿ ಬಹಳ ಜನ. ನನಗೆ ಮುಖ್ಯ ಅನ್ನಿಸುವುದು ಆ ಕೊನೆಯ ಮಾತು. ನಿಮ್ಮ ಹೆಂಡತಿ ‘ಕಂಬ ಹತ್ತಿದ್ದೇ ಬಂತು’ ಅಂದರಲ್ಲ, ಆ ಸಂಜೆ ಏನಾಯಿತು ಎಂದು ಅವರಿಗೆ ಯಾವತ್ತಾದರೂ ಪೂರ್ತಿ ಹೇಳಿದ್ದೀರಾ? ಅಂಗಿಯ ಗುಂಡಿ ಕಿತ್ತದ್ದು ನೋಡಿ ಅವರು ಕೇಳಿರಬಹುದು, ನೀವು ‘ಏನಿಲ್ಲ, ಮರಕ್ಕೆ ಸಿಕ್ಕಿತು’ ಅಂದಿರಬಹುದು. ನಿಮ್ಮ ತಲೆಮಾರಿನ ಗಂಡಸರು ಬಹಳ ಜನ ಹಾಗೇ.

ಹೇಳಲು ಕಷ್ಟವಾದ ಸಾಧನೆಗಳು ಇನ್ನೊಂದು ಬಗೆಯವೂ ಇವೆ. ಗುರುತು ಸಿಗದಂತೆ ವಿವರ ಬದಲಿಸಿ ಒಬ್ಬರ ವಿಷಯ ಹೇಳುತ್ತೇನೆ. ಅಡಿಕೆ ತೋಟದವರು, ಸಹಕಾರಿ ಸಂಘದಲ್ಲಿ ಹೆಸರಿದ್ದವರು, ಗೋಡೆ ತುಂಬ ಸ್ಮರಣಿಕೆ. ಇದೇ ಪ್ರಶ್ನೆಗೆ ಅವರು ಒಂದೊಂದನ್ನೇ ವಿವರಿಸಿದರು, ದನಿಯಲ್ಲಿ ಜೀವವಿರಲಿಲ್ಲ. ತುಂಬ ಹೊತ್ತಾದ ಮೇಲೆ, ಹೋಗಲು ಎದ್ದವರು ಮತ್ತೆ ಕೂತು, ‘ನಾನು ಕುಡಿಯೋದು ಬಿಟ್ಟೆ’ ಅಂದರು. ಬಿಟ್ಟು ಬಹಳ ವರ್ಷವಾಗಿತ್ತು. ಮನೆಯಲ್ಲಿ ಒಬ್ಬರೂ ಆ ವಿಷಯ ಎತ್ತುವುದಿಲ್ಲ, ಏಕೆಂದರೆ ಬಿಟ್ಟದ್ದನ್ನು ಹೊಗಳಬೇಕಾದರೆ ಕುಡಿಯುತ್ತಿದ್ದುದನ್ನೂ ಹೇಳಬೇಕಾಗುತ್ತದೆ. ಪ್ರೀತಿಯಿಂದಲೇ ಮುಚ್ಚಿಟ್ಟಿದ್ದರು. ಅವರ ಬದುಕಿನ ಅತಿ ಕಷ್ಟದ ಕೆಲಸಕ್ಕೆ ಒಂದು ಶಾಲು ಹೋಗಲಿ, ಒಂದು ಮಾತೂ ಸಿಕ್ಕಿರಲಿಲ್ಲ. ಆಮೇಲೆ ಅದನ್ನು ಮಗನ ಮುಂದೆ ಹೇಳಿದರು. ಎಲ್ಲರೂ ಹೇಳಲೇಬೇಕು ಎಂಬುದು ನನ್ನ ಅಭಿಪ್ರಾಯವಲ್ಲ, ಕೆಲವು ತಮಗೆ ತಾವೇ ಒಪ್ಪಿಕೊಂಡರೆ ಸಾಕು.

ನಿದ್ದೆಯ ವಿಷಯವನ್ನು ಮಾತ್ರ ಹಗುರವಾಗಿ ತಗೊಳ್ಳಬೇಡಿ. ತಿಂಗಳಿನಿಂದ ನಡುರಾತ್ರಿ ಎಚ್ಚರವಾಗುತ್ತಿದೆ ಎಂದಿದ್ದೀರಿ. ಜೊತೆಗೆ ಊಟ ಸೇರದಿರುವುದು, ಮೊದಲು ಇಷ್ಟವಿದ್ದದ್ದರಲ್ಲಿ ಮನಸ್ಸಿಲ್ಲದಿರುವುದು, ಮಾಡಿದ ತಪ್ಪುಗಳು ಮಾತ್ರ ನೆನಪಾಗುವುದು, ‘ಇದ್ದೇನು ಪ್ರಯೋಜನ’ ಎಂಬ ಯೋಚನೆ, ಇವುಗಳಲ್ಲಿ ಯಾವುದಾದರೂ ಎರಡು ವಾರಕ್ಕಿಂತ ಹೆಚ್ಚು ಇದ್ದರೆ ಅದು ಬರೀ ಮೊಮ್ಮಗಳ ಪ್ರಶ್ನೆಯಿಂದ ಬಂದದ್ದು ಅಲ್ಲದಿರಬಹುದು, ಖಿನ್ನತೆ ಇರಬಹುದು, ಅದಕ್ಕೆ ಔಷಧಿ ಇದೆ. ಸಕ್ಕರೆ, ಥೈರಾಯ್ಡ್, ಪ್ರಾಸ್ಟೇಟ್ ತೊಂದರೆ, ಕೆಲವು ಬಿಪಿ ಮಾತ್ರೆ ಕೂಡ ನಿದ್ದೆ ಕೆಡಿಸುತ್ತವೆ, ಹಾಗಾಗಿ ಮೊದಲು ನಿಮ್ಮ ಮಾಮೂಲಿ ಡಾಕ್ಟರಿಗೇ ತೋರಿಸಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಮನೆಯಿಂದಲೇ ಮಾತಾಡಬೇಕೆನಿಸಿದರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಇದೆ. ಹಗಲು ರಾತ್ರಿ ತೆರೆದಿರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ‘ಇಷ್ಟಕ್ಕೆಲ್ಲ ಫೋನ್ ಮಾಡೋದಾ’ ಅನ್ನಬೇಡಿ. ಇಂಥ ‘ಇಷ್ಟಕ್ಕೆ’ ಎಂದೇ ಅದನ್ನು ಮಾಡಿರುವುದು.

ಇನ್ನು ಮೊಮ್ಮಗಳು. ಅವಳನ್ನು ಮತ್ತೆ ಕರೆಯಿರಿ, ‘ಆವತ್ತಿನ ಪ್ರಶ್ನೆಗೆ ಉತ್ತರ ಇದೆ’ ಅನ್ನಿ. ಆಗಲೇ ಬರೆದು ಕೊಟ್ಟಾಗಿದೆ ಅಂದರೂ ಪರವಾಗಿಲ್ಲ, ಶಾಲೆಯ ಮಾರ್ಕು ಇಲ್ಲಿ ಮುಖ್ಯವಲ್ಲ. ಸಾಧನೆ ಎಂದು ಶುರು ಮಾಡಬೇಡಿ, ಮಳೆಯಿಂದ ಶುರು ಮಾಡಿ. ಯಾವ ಊರು, ಯಾವ ಮರ ಬಿದ್ದಿತ್ತು, ಕಂಬದ ಮೇಲಿದ್ದ ಹುಡುಗನಿಗೆ ಎಷ್ಟು ವಯಸ್ಸು, ಅವನ ಮನೆಯಲ್ಲಿ ಯಾರಿದ್ದರು, ನಿಮ್ಮ ಜೇಬಿನಲ್ಲಿ ಏನಿತ್ತು, ಕೊರಳಪಟ್ಟಿ ಹಿಡಿದಾಗ ಹೆದರಿಕೆಯಾಯಿತೇ. ಆಗಿದ್ದರೆ ಆಯಿತು ಎಂದೇ ಹೇಳಿ. ಎಲ್‌ಸಿ ಎಂದರೇನು ಎಂದು ಅವಳೇ ಕೇಳುತ್ತಾಳೆ, ಆಗ ವಿವರಿಸಿ. ಮನೆ ಮುಂದಿನ ಕಂಬದ ಹತ್ತಿರ ಕರೆದುಕೊಂಡು ಹೋಗಿ, ದೂರದಲ್ಲಿ ನಿಂತು, ಯಾವುದು ಮನೆಗಳಿಗೆ ಕರೆಂಟು ಕೊಡುವ ಎಲ್‌ಟಿ ತಂತಿ, ಯಾವುದು ಹನ್ನೊಂದು ಸಾವಿರದ್ದು ಎಂದು ಕೈ ಮಾಡಿ ತೋರಿಸಿ.

ಆ ಹುಡುಗನ ನಂಬರ್ ನಿಮ್ಮ ಹತ್ತಿರ ಇದೆಯೇ? ಇಲ್ಲದಿದ್ದರೆ ಗ್ಯಾಂಗಿನ ಹಳಬರ ಹತ್ತಿರ ಇರುತ್ತದೆ. ಫೋನ್ ಹಚ್ಚಿ, ಸ್ಪೀಕರ್‌ಗೆ ಹಾಕಿ, ಮೊಮ್ಮಗಳೇ ಅವನನ್ನು ಕೇಳಲಿ. ಅವನಿಗೆ ನೆನಪಿರುವ ಸಂಜೆ ಬೇರೆಯೇ ಇರಬಹುದು, ನಿಮಗೆ ಮುಖ್ಯ ಅನ್ನಿಸಿದ್ದು ಅವನಿಗೆ ನೆನಪೇ ಇಲ್ಲದಿರಬಹುದು. ನೀವು ಪೂರ್ತಿ ಮರೆತ ಇನ್ನೊಂದನ್ನು ಅವನು ಹೇಳಿದರೂ ಹೇಳಿದನೇ. ಜೊತೆಗೆ ಕೆಲಸ ಮಾಡಿದವರನ್ನು ಕೇಳಿದಾಗ ಹೀಗೆ ಆಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ, ಮತ್ತು ನಮ್ಮ ಲೆಕ್ಕಕ್ಕಿಂತ ಅವರ ಲೆಕ್ಕ ಹೆಚ್ಚು ಸರಿಯಿರುತ್ತದೆ.

ಒಂದು ಕೆಲಸ ಬಾಕಿ ಇದೆ. ಒಳಗಿನಿಂದ ನಕ್ಕವರನ್ನೂ ಇದೇ ಪ್ರಶ್ನೆ ಕೇಳಲು ಮೊಮ್ಮಗಳಿಗೆ ಹೇಳಿ. ನಿಮಗಾದರೂ ಸರ್ವಿಸ್ ರಿಜಿಸ್ಟರ್ ಎಂಬುದೊಂದಿದೆ, ಸೇರಿದ ತಾರೀಕು, ನಿವೃತ್ತಿಯ ತಾರೀಕು ಇದೆ. ಮಳೆಗಾಲದ ರಾತ್ರಿ ಕಂಪ್ಲೇಂಟ್ ಬಂದು ನೀವು ಟಾರ್ಚ್ ಹಿಡಿದು ಹೊರಟಮೇಲೆ ಮಕ್ಕಳನ್ನು ಮಲಗಿಸಿ ಬಾಗಿಲು ಕಾದವರಿಗೆ ಅದೂ ಇಲ್ಲ. ಮೊದಲು ‘ನಂದೇನಿದೆ ಮಾರಾಯ್ತಿ’ ಎಂದೇ ಅನ್ನುತ್ತಾರೆ. ಆಗ ನೀವು ಸುಮ್ಮನಿರಬೇಡಿ, ನಿಮಗೆ ನೆನಪಿರುವ ಒಂದು ದಿನವನ್ನು ಹೇಳಿ ಶುರು ಮಾಡಿಸಿ. ಮೊಬೈಲಿನಲ್ಲಿ ರೆಕಾರ್ಡ್ ಹಾಕಿಡಿ, ಅವರು ಮಾತಾಡುವಾಗ ನಡುವೆ ತಿದ್ದಬೇಡಿ, ಇಸವಿ ತಪ್ಪಿದರೂ ಸರಿ.